ಆಸ್ಪತ್ರೆಗೆ ಬಾರದವರ ಲೆಕ್ಕ

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಹಳ್ಳಿ ಜನಕ್ಕೆ ತಿಳಿವಳಿಕೆ ಸಾಲದು, ತಿಂಗಳುಗಟ್ಟಲೆ ಕೆಮ್ಮಿದರೂ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ, ಎಕ್ಸ್-ರೇ ವ್ಯಾನು ಊರೂರು ಸುತ್ತಿ ರೋಗಿಗಳನ್ನು ಹುಡುಕಬೇಕು ಎನ್ನುವುದು ಆಗ ಬಲ್ಲವರ ಮಾತು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇದನ್ನು ನಂಬುವ ಮೊದಲು ತುಮಕೂರು ಜಿಲ್ಲೆಯಲ್ಲಿ ಪರೀಕ್ಷಿಸಿ ನೋಡಿದರು. ಕಫದಲ್ಲಿ ರೋಗಾಣು ಇದ್ದವರನ್ನು ಪತ್ತೆ ಮಾಡಿ, ಅವರ ಮನೆಯಲ್ಲೇ ಕೂತು ಕೇಳಿದರು: ಏನು ತೊಂದರೆ, ಯಾವಾಗಿನಿಂದ, ಎಲ್ಲಿಗೆ ತೋರಿಸಿದಿರಿ?

ಹೆಚ್ಚುಕಡಿಮೆ ಎಲ್ಲರಿಗೂ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಇಂಗ್ಲಿಷ್ ಔಷಧಿಯ ಆಸ್ಪತ್ರೆ, ಡಿಸ್ಪೆನ್ಸರಿಗಳಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ರೋಗಿ ಬಂದಿದ್ದ, ಆಸ್ಪತ್ರೆಯೇ ಅವನನ್ನು ಗುರುತಿಸದೆ ಕಳಿಸಿತ್ತು. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ವ್ಯಾನುಗಳ ಹಿಂದೆ ಬೀಳದೆ, ಕೆಮ್ಮೆಂದು ತಾವಾಗಿ ಬಂದವರ ಕಫ ಪರೀಕ್ಷೆಯನ್ನು ಸಾಮಾನ್ಯ ಆಸ್ಪತ್ರೆಗಳಲ್ಲೇ ಮಾಡಿಸುವ ದಾರಿ ಹಿಡಿಯಿತು. ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಅಚ್ಚಾಯಿತು. ಬ್ಯಾನರ್ಜಿ ಮುಂದೆ ದಿಲ್ಲಿಯ ಜೆಎನ್‌ಯುನಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಕೇಂದ್ರವನ್ನೇ ಕಟ್ಟಿದರು.

ಎಂಪಿಎಚ್, ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್ ಎಂಬ ಪದವಿಯಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಈ ತುಮಕೂರಿನ ಕಥೆಯನ್ನೇ. ವೈದ್ಯರ ಕಣ್ಣಿಗೆ ಬೀಳುವುದು ಎದುರು ಕುರ್ಚಿಯಲ್ಲಿ ಕೂತವರು. ಕೂರದವರು ಎಷ್ಟು, ಯಾಕೆ ಬರಲಿಲ್ಲ, ಬಂದು ಬರಿಗೈಲಿ ಹೋದವರು ಯಾರು ಎಂದು ಲೆಕ್ಕ ಇಡುವುದು ಎಂಪಿಎಚ್ ಓದಿದವರ ಕೆಲಸ. ಪದವಿ ಮುಗಿಸಿದವರು ಸ್ಟೆತೊಸ್ಕೋಪ್ ಹಿಡಿಯುವುದಿಲ್ಲ, ಚೀಟಿ ಬರೆಯುವುದಿಲ್ಲ. ಮನೆಯವರಿಗೆ ಇದನ್ನು ಒಪ್ಪಿಸುವುದೇ ಪ್ರವೇಶ ಪರೀಕ್ಷೆಗಿಂತ ಕಷ್ಟ ಎನ್ನುವ ವಿದ್ಯಾರ್ಥಿಗಳಿದ್ದಾರೆ.

ಎರಡು ವರ್ಷ, ನಾಲ್ಕು ಸೆಮಿಸ್ಟರು, ಕೊನೆಗೊಂದು ಪ್ರಬಂಧ. ಇದು ವೈದ್ಯರಿಗೆ ಮಾತ್ರ ಮೀಸಲಾದ ಮೂರು ವರ್ಷದ ಎಂ.ಡಿ. ಸಮುದಾಯ ವೈದ್ಯಶಾಸ್ತ್ರವಲ್ಲ. ಎಂಬಿಬಿಎಸ್ ಆದವರ ಪಕ್ಕದಲ್ಲೇ ದಂತವೈದ್ಯರು, ಆಯುರ್ವೇದ ಪದವೀಧರರು, ನರ್ಸಿಂಗ್, ಫಿಸಿಯೊಥೆರಪಿ ಓದಿದವರು ಕೂರುತ್ತಾರೆ. ಅನೇಕ ಕಡೆ ಬಿಎಸ್ಸಿ, ಬಿಎಸ್‌ಡಬ್ಲ್ಯು, ಸಂಖ್ಯಾಶಾಸ್ತ್ರದವರಿಗೂ ಪ್ರವೇಶವಿದೆ. ಈ ಕಲಬೆರಕೆಯೇ ತರಗತಿಯ ಸೊಗಸು. ಭೇದಿಯ ಪಾಠ ನಡೆಯುವಾಗ ವೈದ್ಯ ಪದವೀಧರ ಒಆರ್‌ಎಸ್ ಎನ್ನುತ್ತಾನೆ, ಎಂಜಿನಿಯರಿಂಗ್ ಬಿಟ್ಟು ಬಂದವನು ಪೈಪಿನ ಸೋರಿಕೆ ಎನ್ನುತ್ತಾನೆ, ಸಮಾಜಕಾರ್ಯ ಓದಿದವಳು ಆ ಕೇರಿಗೆ ನಲ್ಲಿಯೇ ಇಲ್ಲವಲ್ಲ ಎಂದು ಕೇಳುತ್ತಾಳೆ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಸಂಸ್ಥೆ ಹೊಸದಲ್ಲ. ಕಲ್ಕತ್ತೆಯ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1932ರಲ್ಲೇ ಬಾಗಿಲು ತೆರೆದಿತ್ತು. ಎಂಪಿಎಚ್ ಎಂಬ ಹೆಸರಿನ ಪದವಿಯನ್ನು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ 1997ರಲ್ಲಿ ಆರಂಭಿಸಿತು. 2006ರಲ್ಲಿ ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ ಹುಟ್ಟಿದ ಮೇಲೆ ಕಾಲೇಜುಗಳು ಒಂದರ ಹಿಂದೊಂದು ಎದ್ದವು. ಕರ್ನಾಟಕದಲ್ಲಿ ನಿಮ್ಹಾನ್ಸ್, ಮೈಸೂರಿನ ಜೆಎಸ್‌ಎಸ್, ಮಣಿಪಾಲ, ಬೆಳಗಾವಿಯ ಕೆಎಲ್‌ಇ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಹೀಗೆ ಪಟ್ಟಿ ಬೆಳೆದಿದೆ. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಲಕ್ಷಗಳಲ್ಲಿ. ಸರ್ಕಾರಿ ಸಂಸ್ಥೆಗಳಲ್ಲಿ ಅಷ್ಟಿಲ್ಲ, ಆದರೆ ಸೀಟು ಬೆರಳೆಣಿಕೆಯಷ್ಟು.

ಪಾಠಗಳ ಪೈಕಿ ಬೆನ್ನೆಲುಬು ಎಪಿಡೆಮಿಯಾಲಜಿ: ರೋಗ ಯಾರಿಗೆ, ಎಲ್ಲಿ, ಯಾವಾಗ ಬಂತು ಎಂಬುದರ ಜಾಡು ಹಿಡಿದು ಯಾಕೆ ಎಂಬಲ್ಲಿಗೆ ತಲುಪುವ ವಿದ್ಯೆ. ಪಠ್ಯಪುಸ್ತಕಗಳೆಲ್ಲ 1854ರ ಲಂಡನ್ನಿನ ಕಾಲರಾ, ಜಾನ್ ಸ್ನೋ, ಬ್ರಾಡ್ ಸ್ಟ್ರೀಟಿನ ಪಂಪಿನಿಂದಲೇ ಶುರುವಾಗುತ್ತವೆ. ಇರಲಿ. ಆದರೆ ನಮ್ಮ ಹುಡುಗರು ಮೊದಲು ಸೊರಬಕ್ಕೆ ಹೋಗಿ ಆಮೇಲೆ ಲಂಡನ್ನಿಗೆ ಹೋಗಲಿ ಎನ್ನುವುದು ನನ್ನ ಹಟ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜ್ವರ, ತಲೆನೋವು, ರಕ್ತಸ್ರಾವ, ಸಾವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕ, ದಕ್ಷಿಣ ಅಮೆರಿಕಗಳಲ್ಲಿ ಮಾತ್ರ ಇರುವ ಆ ರೋಗ ಏಷ್ಯಾಕ್ಕೆ ಕಾಲಿಟ್ಟಿತೇ ಎಂದು ಗಾಬರಿ. ಕೊನೆಗೆ ಸಿಕ್ಕಿದ್ದು ಬೇರೆಯೇ ವೈರಸ್ಸು. ಅದರ ಹತ್ತಿರದ ನೆಂಟ ರಷ್ಯಾದ ಕಾಡುಗಳ ಮೆದುಳು ಜ್ವರ. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿತು. ನಮ್ಮ ಬಾಯಲ್ಲಿ ಅದು ಮಂಗನ ಕಾಯಿಲೆಯಾಗಿಯೇ ಉಳಿಯಿತು, ಪಾಪ, ಮಂಗವೂ ಅದಕ್ಕೆ ಬಲಿಯೇ.

ಈ ಒಂದು ಪ್ರಕರಣದಲ್ಲಿ ಇಡೀ ಸೆಮಿಸ್ಟರಿನ ಪಾಠವಿದೆ. ಕಾಯಿಲೆ ಮಳೆಗಾಲ ಕಳೆದ ಮೇಲೆ ತಲೆಯೆತ್ತಿ ಬೇಸಿಗೆಯವರೆಗೆ ಕಾಡುತ್ತದೆ, ಯಾಕೆ? ಉಣುಗಿನ ಮರಿಗಳು ಚುರುಕಾಗುವುದು ಆ ತಿಂಗಳುಗಳಲ್ಲೇ. ಯಾರಿಗೆ? ಸೌದೆಗೆ, ತರಗೆಲೆಗೆ, ದನ ಮೇಯಿಸಲು ಕಾಡಿಗೆ ಹೋಗುವವರಿಗೆ. ಮೈಗೆ ಎಣ್ಣೆ ಹಚ್ಚಿಕೊಂಡು ಹೋಗಿ ಎಂದು ಆರೋಗ್ಯ ಇಲಾಖೆ ಉಣುಗು ನಿವಾರಕ ಹಂಚುತ್ತದೆ. ಹಚ್ಚಿಕೊಂಡರೆ ಉರಿ, ವಾಸನೆ, ಬೆವರಿಗೆ ನಿಲ್ಲುವುದಿಲ್ಲ ಎಂದು ಜನ ಮೂಲೆಗಿಡುತ್ತಾರೆ. ಕಾಡಿಗೆ ಹೋಗಬೇಡಿ ಎನ್ನುವುದು ಸುಲಭ. ಒಲೆಗೆ ಸೌದೆ, ಕೊಟ್ಟಿಗೆಗೆ ಸೊಪ್ಪು ಎಲ್ಲಿಂದ? ವೈರಸ್ಸಿನಿಂದ ಹೊರಟ ಪ್ರಶ್ನೆ ಹೀಗೆ ಕೊಟ್ಟಿಗೆಗೆ ಬಂದು ನಿಲ್ಲುತ್ತದೆ.

ಎಪಿಡೆಮಿಯಾಲಜಿಯ ಜೋಡಿ ಸಂಖ್ಯಾಶಾಸ್ತ್ರ. ಪಿಯುಸಿಯಲ್ಲಿ ಲೆಕ್ಕಕ್ಕೆ ಹೆದರಿ ಬಯಾಲಜಿ ತೆಗೆದುಕೊಂಡವರನ್ನು ಅದು ಇಲ್ಲಿ ಕಾದು ಹಿಡಿಯುತ್ತದೆ. ಹಾಗೆಂದು ಮೊದಲ ಪಾಠ ಐದನೇ ಕ್ಲಾಸಿನ ಭಿನ್ನರಾಶಿಯಷ್ಟೇ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 40 ಡೆಂಗಿ, ಪಕ್ಕದ್ದರಲ್ಲಿ 20 ಎಂದುಕೊಳ್ಳಿ. ಪತ್ರಿಕೆಯವರು, ನನ್ನನ್ನೂ ಸೇರಿಸಿ, ಮೊದಲನೆಯದಕ್ಕೆ ಓಡುತ್ತೇವೆ. ಅದರ ವ್ಯಾಪ್ತಿ 30,000 ಜನ, ಎರಡನೆಯದ್ದು 10,000 ಎಂದರೆ ಲೆಕ್ಕ ತಿರುಗಿತು: ಸಾವಿರಕ್ಕೆ ಒಂದು ಚಿಲ್ಲರೆ ಅಲ್ಲಿ, ಎರಡು ಇಲ್ಲಿ. ಅಷ್ಟಕ್ಕೇ ನಿಲ್ಲದೆ ಮೇಷ್ಟ್ರು ಕೇಳುತ್ತಾರೆ: ಎರಡನೆಯ ಕಡೆ ರಕ್ತಪರೀಕ್ಷೆಯೇ ಹೆಚ್ಚು ನಡೆದಿದ್ದರೆ? ರೋಗ ಹೆಚ್ಚೋ, ಹುಡುಕಿದ್ದು ಹೆಚ್ಚೋ?

ಈ ಅನುಮಾನಕ್ಕೆ ಮದ್ದು ಜಿಲ್ಲಾ ಸರ್ವೇಕ್ಷಣಾ ಘಟಕದಲ್ಲಿ ಕೂತಾಗ ಸಿಗುತ್ತದೆ. ದೇಶದ ರೋಗ ಕಣ್ಗಾವಲು ಎಸ್, ಪಿ, ಎಲ್ ಎಂಬ ಮೂರು ನಮೂನೆಗಳ ಮೇಲೆ ನಿಂತಿದೆ. ಎಸ್ ಆರೋಗ್ಯ ಕಾರ್ಯಕರ್ತೆಯದು; ಜ್ವರ, ಭೇದಿ, ಕೆಮ್ಮು ಎಂದು ಕಂಡದ್ದನ್ನು ಕಂಡ ಹಾಗೆ ಬರೆಯುವುದು. ಪಿ ವೈದ್ಯರದು, ಡೆಂಗಿ ಇರಬಹುದು ಎಂಬ ಅಂದಾಜು. ಎಲ್ ಲ್ಯಾಬಿನದು, ಖಚಿತವಾದದ್ದು. ಮೂರನ್ನೂ ಎದುರುಬದುರು ಇಟ್ಟು ನೋಡಿದರೆ ಯಾವ ಊರಿನಲ್ಲಿ ಜ್ವರ ಏರುತ್ತಿದೆ, ಎಲ್ಲಿ ಮಾದರಿ ಕಳಿಸಿಯೇ ಇಲ್ಲ ಎಂಬುದು ಗೊತ್ತಾಗುತ್ತದೆ. ಸೊನ್ನೆ ಕಂಡಾಗ ಖುಷಿಪಡುವವನು ಹೊಸಬ. ಹಳಬರು ಫೋನೆತ್ತಿ, ‘ಸಿಸ್ಟರ್, ಕೇಸ್ ಇಲ್ವೋ, ರಿಪೋರ್ಟ್ ಹಾಕಿಲ್ವೋ?’ ಎಂದು ಕೇಳುತ್ತಾರೆ.

ಇನ್ನು ಸಮೀಕ್ಷೆ. ನನಗೆ ಈ ಓದಿನಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ, ಆದ್ದರಿಂದ ತುಸು ನಿಲ್ಲುತ್ತೇನೆ. ಲಸಿಕೆ ಎಷ್ಟು ಮಕ್ಕಳಿಗೆ ತಲುಪಿದೆ ಎಂದು ಅಳೆಯಲು ಹಳೆಯದೊಂದು ವಿಧಾನವಿದೆ: 30 ಊರು, ಊರಿಗೆ 7 ಮಕ್ಕಳು. ಊರ ನಡುವೆ ನಿಂತು ಪೆನ್ನನ್ನು ನೆಲದ ಮೇಲೆ ಗಿರ್ರನೆ ತಿರುಗಿಸಬೇಕು. ಮೊನೆ ತೋರಿಸಿದ ಬೀದಿ ಹಿಡಿದು ಹೋಗಿ, ಅಲ್ಲೊಂದು ಮನೆಯನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಂದ ಮುಂದಿನ ಬಾಗಿಲು, ಅದರ ಮುಂದಿನದು. ಈಗ ಮನೆಪಟ್ಟಿ, ಮೊಬೈಲಿನ ಆ್ಯಪು ಬಂದಿವೆ. ಪೆನ್ನು ತಿರುಗಿಸುವುದನ್ನು ಪಾಠದಲ್ಲಿ ಮಾತ್ರ ಹೇಳುತ್ತಾರೆ. ಅದರ ಹಿಂದಿನ ಶಿಸ್ತು ಮಾತ್ರ ಬದಲಾಗಿಲ್ಲ. ಯಾವ ಮನೆಗೆ ಹೋಗಬೇಕು ಎನ್ನುವುದು ನಿನ್ನ ಇಷ್ಟಕ್ಕೆ ಬಿಟ್ಟದ್ದಲ್ಲ.

ಬೆಳಿಗ್ಗೆ ಹನ್ನೊಂದು ಗಂಟೆ. ಪಟ್ಟಿಯಲ್ಲಿರುವ ಮನೆಗೆ ಬೀಗ. ಪಕ್ಕದ ಮನೆಯ ಜಗಲಿಯಲ್ಲಿ ಒಬ್ಬರು ಕೂತಿದ್ದಾರೆ, ನೀರು ಕೊಡಲಾ ಎನ್ನುತ್ತಾರೆ, ಮಗುವೂ ಇದೆ, ತಾಯಿ ಕಾರ್ಡೂ ಇದೆ. ಅಲ್ಲಿಯೇ ಫಾರಂ ತುಂಬಿಸಿಬಿಟ್ಟರೆ ಊಟದ ಹೊತ್ತಿಗೆ ಕೆಲಸ ಮುಗಿಯಿತು. ಆದರೆ ಬೀಗ ಬಿದ್ದ ಮನೆಯ ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗಿದ್ದಾರೆ. ಲಸಿಕೆ ಹಾಕಿದ ದಿನವೂ ಅವರು ಕೂಲಿಗೆ ಹೋಗಿದ್ದಿರಬಹುದು. ಅಂಥ ಮನೆಗಳನ್ನು ಬಿಟ್ಟುಬಿಟ್ಟು ಬಾಗಿಲು ತೆರೆದವರನ್ನೇ ಎಣಿಸಿದರೆ ಊರಿಗೆ ಊರೇ ಲಸಿಕೆ ಹಾಕಿಸಿಕೊಂಡಂತೆ ಕಾಣುತ್ತದೆ. ಆದ್ದರಿಂದ ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಹೋಗಬೇಕು, ಸಿಗದಿದ್ದರೆ ಮಾರನೆಯ ಬೆಳಿಗ್ಗೆ.

ಬಾಗಿಲು ತೆರೆದ ಮೇಲೂ ಪ್ರಶ್ನೆ ಸಲೀಸಲ್ಲ. ‘ಅಜ್ಜಿ, ನಿಮಗೆ ಸಕ್ಕರೆ ಕಾಯಿಲೆ ಇದೆಯಾ?’ ‘ಇಲ್ಲಮ್ಮ.’ ‘ಮಾತ್ರೆ ಏನಾದರೂ ತಗೋತೀರಾ?’ ‘ಬೆಳಿಗ್ಗೆ ಒಂದು, ರಾತ್ರಿ ಒಂದು. ತಗೋತೀನಲ್ಲ, ಅದಕ್ಕೇ ಇಲ್ಲ.’ ವಯಸ್ಸು ಕೇಳಿದರೆ ಚಿಕ್ಕಮಗಳೂರು ಸೀಮೆಯಲ್ಲಿ ‘ಇಂದಿರಮ್ಮ ಓಟಿಗೆ ನಿಂತಾಗ ದೊಡ್ಡ ಮಗ ಹೊಟ್ಟೆಯಲ್ಲಿದ್ದ’ ಎಂಬ ಉತ್ತರ ಬರಬಹುದು. ಅದಕ್ಕೇ ವಿದ್ಯಾರ್ಥಿಗಳ ಚೀಲದಲ್ಲಿ ಊರಿನ ಘಟನಾವಳಿಯ ಪಟ್ಟಿ ಇರುತ್ತದೆ: 1978, ಉಪಚುನಾವಣೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ವಯಸ್ಸು ಅಂದಾಜು ಮಾಡುತ್ತಾರೆ.

ಒಪ್ಪಿಗೆ ಪತ್ರದ ಕಾಟ ಬೇರೆ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಗಳ ಪ್ರಕಾರ ಅಧ್ಯಯನಕ್ಕೆ ಮೊದಲು ಸಮಿತಿಯ ಅನುಮತಿ ಬೇಕು, ಪ್ರತಿಯೊಬ್ಬರಿಗೂ ಅವರ ಭಾಷೆಯಲ್ಲಿ ವಿವರಿಸಿ ಸಹಿ ಪಡೆಯಬೇಕು, ಓದು ಬಾರದವರಿಗೆ ಸಾಕ್ಷಿ ಬೇಕು. ಇಷ್ಟೊತ್ತು ನಗುನಗುತ್ತ ಮಾತಾಡಿದವರು ಹೆಬ್ಬೆಟ್ಟು ಎಂದ ಕೂಡಲೇ ಒಳಗೆ ಸರಿಯುತ್ತಾರೆ. ಹೆಬ್ಬೆಟ್ಟು ಎಂದರೆ ಅವರಿಗೆ ಸಾಲ, ಜಮೀನು, ಕೋರ್ಟು. ಅವರನ್ನು ಬೈದು ಫಲವಿಲ್ಲ.

ಇಷ್ಟೆಲ್ಲ ಪಾಡಿನಿಂದ ಹುಟ್ಟುವ ಅಂಕಿಗಳು ಕೆಲವೊಮ್ಮೆ ಒಂದರ ಮುಖ ಇನ್ನೊಂದು ನೋಡುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತವೆ. ಅದೇ ವರದಿಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಹೆರಿಗೆ ವಾರ್ಡಿನಿಂದ ಮಗು ಮನೆಗೆ ಹೋದ ಮೇಲೆ ಏನಾಯಿತು? ಊಟವೇ, ಹುಳುವೇ, ಕಬ್ಬಿಣದ ಸಿರಪ್ಪೇ, ತಾಯಿಗೇ ರಕ್ತ ಕಡಿಮೆಯಿತ್ತೇ? ಒಳ್ಳೆಯ ಪ್ರಬಂಧಗಳು ಹುಟ್ಟುವುದು ಇಂಥ ಬಿರುಕಿನಲ್ಲಿ. ಸಮೀಕ್ಷೆಯ ಮೂಲ ದತ್ತಾಂಶವನ್ನು ನೋಂದಾಯಿಸಿಕೊಂಡ ಸಂಶೋಧಕರಿಗೆ ಉಚಿತವಾಗಿ ಕೊಡುತ್ತ ಬಂದಿದ್ದಾರೆ. ಹೀಗಿದ್ದೂ ಕಾಲೇಜಿನ ಪಕ್ಕದ ಬಡಾವಣೆಯಲ್ಲಿ ‘ಅರಿವು ಮತ್ತು ಧೋರಣೆ’ ಎಂಬ ಅದೇ ಪ್ರಶ್ನಾವಳಿಯನ್ನು ವರ್ಷವರ್ಷವೂ ಹಂಚುವ ಚಾಳಿ ಬಿಟ್ಟಿಲ್ಲ. ಜನಕ್ಕೆ ಅರಿವಿಲ್ಲ ಎಂದು ತೀರ್ಪು ಕೊಡುವ ಆ ಪ್ರಬಂಧಗಳನ್ನು ಕಂಡಾಗ ತುಮಕೂರಿನ ಕೆಮ್ಮಿನ ಔಷಧಿ ನೆನಪಾಗುತ್ತದೆ.

ಹೊರದೇಶದ ಆಸೆ ಇರುವವರಿಗೆ ಒಂದು ಮಾತು. ಲಂಡನ್ ಸ್ಕೂಲ್, ಜಾನ್ಸ್ ಹಾಪ್‌ಕಿನ್ಸ್‌ಗಳಂಥ ಶತಮಾನದ ಸಂಸ್ಥೆಗಳಲ್ಲಿ ಓದು ಸುಮಾರು ಒಂದೇ ವರ್ಷ. ಬ್ರಿಟನ್ನಿಗೆ ಹೋಗಲು ಕಾಮನ್‌ವೆಲ್ತ್, ಚೀವ್ನಿಂಗ್ ವಿದ್ಯಾರ್ಥಿವೇತನಗಳಿವೆ. ಒಂದೆರಡು ವರ್ಷ ಇಲ್ಲಿಯ ತಾಲ್ಲೂಕಿನಲ್ಲಿ ಕೆಲಸ ಮಾಡಿ ಹೋದವರಿಗೆ ಅಲ್ಲಿಯ ತರಗತಿಯಲ್ಲಿ ಕೇಳಲು ಸ್ವಂತ ಪ್ರಶ್ನೆಗಳಿರುತ್ತವೆ.

ಕೆಲಸದ ಸಂಗತಿಯನ್ನು ಬ್ರೋಷರುಗಳು ಹೇಳುವಷ್ಟು ಸಿಹಿಯಾಗಿ ನಾನು ಹೇಳಲಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಎಪಿಡೆಮಿಯಾಲಜಿಸ್ಟ್, ಸಂಯೋಜಕ ಹುದ್ದೆಗಳು ಗುತ್ತಿಗೆಯವು. ಸ್ವಯಂಸೇವಾ ಸಂಸ್ಥೆ, ಸಂಶೋಧನಾ ಯೋಜನೆಗಳಲ್ಲಿ ಅವಕಾಶವಿದೆ, ಅನುದಾನ ಇರುವವರೆಗೆ. ತಾಲ್ಲೂಕು, ಜಿಲ್ಲಾ ಆರೋಗ್ಯಾಧಿಕಾರಿಯ ಕುರ್ಚಿ ವೈದ್ಯರದ್ದು. ತಮಿಳುನಾಡಿನಲ್ಲಿ 1939ರಿಂದಲೂ ಸಾರ್ವಜನಿಕ ಆರೋಗ್ಯಕ್ಕೆಂದೇ ಕಾಯ್ದೆಯಿದೆ, ಪ್ರತ್ಯೇಕ ನಿರ್ದೇಶನಾಲಯವಿದೆ, ಆದರೆ ಅಲ್ಲಿಯೂ ಆರೋಗ್ಯಾಧಿಕಾರಿಗಳು ವೈದ್ಯರೇ. ರಾಜ್ಯಗಳು ಪ್ರತ್ಯೇಕ ಸಾರ್ವಜನಿಕ ಆರೋಗ್ಯ ವೃಂದ ಕಟ್ಟಲಿ ಎಂದು ಕೇಂದ್ರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕೋವಿಡ್ ಕಾಲದಲ್ಲಿ ಸಂಪರ್ಕ ಪತ್ತೆಗೆ ಜನ ಸಾಲದೆ ಮೇಷ್ಟ್ರುಗಳನ್ನು ಕರೆದು ಕೂರಿಸಿದ ಸರ್ಕಾರಗಳು, ಅದನ್ನೇ ಎರಡು ವರ್ಷ ಕಲಿತು ಬಂದ ವೈದ್ಯೇತರರಿಗೆ ಕಾಯಂ ಕುರ್ಚಿ ಹಾಕಲು ಮೀನಮೇಷ ಎಣಿಸುವುದು ನನಗಂತೂ ಅರ್ಥವಾಗಿಲ್ಲ.

ಇಷ್ಟಾಗಿಯೂ ಸೇರುತ್ತೇನೆ ಎನ್ನುವವರು ಅರ್ಜಿ ಹಾಕುವ ಮೊದಲು ಕಾಲೇಜಿಗೇ ಫೋನು ಮಾಡಿ. ಎರಡು ವರ್ಷದಲ್ಲಿ ಎಷ್ಟು ದಿನ ಹಳ್ಳಿಯಲ್ಲಿ ಇರಿಸುತ್ತೀರಿ, ಸಂಖ್ಯಾಶಾಸ್ತ್ರಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ, ಹೋದ ವರ್ಷದ ಪ್ರಬಂಧಗಳ ಶೀರ್ಷಿಕೆ ಕಳಿಸುತ್ತೀರಾ, ಮುಗಿಸಿ ಹೋದ ಇಬ್ಬರ ನಂಬರು ಕೊಡುತ್ತೀರಾ ಎಂದು ಕೇಳಿ. ಕ್ಯಾಂಪಸ್ಸಿನ ವೈಫೈ, ಹಾಸ್ಟೆಲ್ಲಿನ ಊಟದ ವರ್ಣನೆಯೇ ಉತ್ತರವಾಗಿ ಬಂದರೆ ಪಟ್ಟಿಯಲ್ಲಿರುವ ಮುಂದಿನ ಕಾಲೇಜಿಗೆ ಫೋನು ಹಚ್ಚಿ.