ಅಂಗಡಿ ಮುಂದೆ ಮಲಗಿದ ನಾಯಿಗೂ ಕನಸು ಬೀಳುತ್ತಾ?

ರಾಮನಗರ: ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲೇ ನೋಡಿ, ಮಧ್ಯಾಹ್ನ ಅಂಗಡಿ ನೆರಳಲ್ಲಿ ಮಲಗಿದ ನಾಯಿ ನಿದ್ದೆಯಲ್ಲೇ ಕಾಲು ಆಡಿಸಿ ಕುಂಯ್ ಅನ್ನುತ್ತೆ. ಇದು ಬಹುತೇಕ ಕನಸಿನ ಲಕ್ಷಣ.

2001ರಲ್ಲಿ ಅಮೆರಿಕದ ಎಂಐಟಿ ವಿಜ್ಞಾನಿಗಳು ಇಲಿಗಳ ಮಿದುಳು ಪರೀಕ್ಷಿಸಿದಾಗ, ಎಚ್ಚರವಿದ್ದಾಗ ಓಡಿದ ದಾರಿಯೇ ನಿದ್ದೆಯಲ್ಲೂ ಮರುಕಳಿಸುತ್ತಿತ್ತು. ನಾಯಿಯದ್ದೂ ಹಾಗೇ ಇರಬಹುದು ಎಂಬುದು ತಜ್ಞರ ಅಂದಾಜು.

ನಾಯಿಯ ತಲೆಯೊಳಗಿನ ವಿಚಿತ್ರ ಕಲ್ಪನೆಗಳನ್ನೇ ತೋರಿಸಿದ ಬಿಲ್ ಪ್ಲಿಂಪ್ಟನ್ ಅವರ 2004ರ ಅನಿಮೇಷನ್ ಕಿರುಚಿತ್ರ ‘ಗಾರ್ಡ್ ಡಾಗ್’ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಅದರಲ್ಲಿ ನಾಯಿಗೆ ನಿರುಪದ್ರವಿಗಳೂ ಶತ್ರುಗಳಂತೆ ಕಾಣುತ್ತವೆ.

ನಿದ್ದೆಗಣ್ಣಿನ ನಾಯಿಗೂ ಹಾಗನ್ನಿಸಬಹುದು. ಕಾಲಲ್ಲಿ ತಿವಿದು ಎಬ್ಬಿಸಿದರೆ ಗಾಬರಿಯಲ್ಲಿ ಕಚ್ಚೀತು. ದೂರದಿಂದಲೇ ಕೂಗಿ ಎಬ್ಬಿಸಿ. ಕಚ್ಚಿದರೆ 15 ನಿಮಿಷ ಸೋಪು ಹಚ್ಚಿ ನೀರಲ್ಲಿ ಗಾಯ ತೊಳೆದು, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ.