ಫಾರ್ಮ್ಯಾಟ್ ಮಾಡಿಸುವ ಮೊದಲು ಒಂದು ನಿಮಿಷ

"ಕಂಪ್ಯೂಟರ್ ಸರಿ ಆನ್ ಆಗ್ತಾ ಇಲ್ಲ ಮಾರಾಯ. ನಿನ್ನೆ ಜೋರು ಗುಡುಗು ಇತ್ತು. ಸಿಡಿಲಿಗೆ ಹೋಯ್ತು ಕಾಣ್ತದೆ."

ಮೇ ತಿಂಗಳ ಒಂದು ಬೆಳಿಗ್ಗೆ ಅಜೆಕಾರಿನಿಂದ ಅಪ್ಪನ ಫೋನ್. ನಾನು ಬೆಂಗಳೂರಿನಲ್ಲಿ ಆಫೀಸ್ ಮೀಟಿಂಗಿನ ಮಧ್ಯೆ. ಸಾಫ್ಟ್‌ವೇರ್ ಇಂಜಿನಿಯರ್ ಆದವರಿಗೆಲ್ಲ ಇದು ಗೊತ್ತಿರುವ ಕಥೆ. ಆಫೀಸಿನಲ್ಲಿ ನೀವು ಏನೇ ಕೆಲಸ ಮಾಡಿ, ಊರಿನವರ ಲೆಕ್ಕದಲ್ಲಿ ನೀವು ಕಂಪ್ಯೂಟರ್ ರಿಪೇರಿಯವರೇ!

ಅದು ನಾನು ಇಂಜಿನಿಯರಿಂಗ್ ಸೇರಿದ ವರ್ಷ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಈಗ ಅಪ್ಪ ಅಡಿಕೆ ಲೆಕ್ಕ ಬರೆಯುವುದು ಅದರಲ್ಲೇ, ಯಕ್ಷಗಾನ ನೋಡುವುದೂ ಅದರಲ್ಲೇ. ಅದರೊಳಗೆ ಇನ್ನೊಂದು ವಸ್ತು ಇತ್ತು. ನಾಟಿ ಗದ್ದೆಯಲ್ಲಿ ಹಾಡುತ್ತಿದ್ದ ಪಾಡ್ದನಗಳನ್ನು ಅಜ್ಜಿ ಒಂದು ರಜೆಯಲ್ಲಿ ನನ್ನ ಫೋನಿಗೆ ಹಾಡಿ ಕೊಟ್ಟಿದ್ದರು, ಸುಮಾರು ಎರಡು ಗಂಟೆ. ಆ ಫೋನ್ ಹಾಳಾಗಿ ವರ್ಷಗಳಾದವು. ಅಜ್ಜಿಯೂ ಈಗಿಲ್ಲ. ಉಳಿದದ್ದು ಆ ಕಂಪ್ಯೂಟರಿನ ಒಂದು ಫೋಲ್ಡರ್ ಮಾತ್ರ. ಬ್ಯಾಕಪ್ ಮಾಡಬೇಕು ಅಂತ ಪ್ರತಿ ದೀಪಾವಳಿಗೂ ಅಂದುಕೊಳ್ಳುತ್ತಿದ್ದೆ, ಅಷ್ಟೇ.

ಸಂಜೆ ಅಪ್ಪ ಮತ್ತೆ ಫೋನ್ ಮಾಡಿದರು. ಗೊತ್ತಿದ್ದವರೊಬ್ಬರು ಬಂದು ನೋಡಿದರಂತೆ. ನೀಲಿ ಸ್ಕ್ರೀನ್ ಬರ್ತದೆ, ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಿದ್ರೆ ಸರಿಯಾಗ್ತದೆ ಅಂದರಂತೆ. "ಮಾಡಿಸುವುದಾ?"

"ಬೇಡ ಅಪ್ಪ, ಯಾರೂ ಮುಟ್ಟುವುದು ಬೇಡ. ಶನಿವಾರ ಬರ್ತೇನೆ" ಅಂದೆ.

ಎಲ್ಲಿ ನಿಂತಿದೆ ಅಂತ ನೋಡಿ

'ಆನ್ ಆಗ್ತಿಲ್ಲ' ಅನ್ನುವುದು ಒಂದೇ ಕಾಯಿಲೆ ಅಲ್ಲ. ಜ್ವರ ಅಂದ ಹಾಗೆ ಅದು. ಕಂಪ್ಯೂಟರ್ ಏಳುವುದು ಮೆಟ್ಟಿಲು ಮೆಟ್ಟಿಲಾಗಿ. ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ತಿಳಿದರೆ ಅರ್ಧ ಕೆಲಸ ಮುಗಿಯಿತು.

ಲೈಟೂ ಇಲ್ಲ, ಫ್ಯಾನೂ ತಿರುಗುತ್ತಿಲ್ಲ ಅಂದರೆ ತೊಂದರೆ ಕರೆಂಟಿನ ದಾರಿಯಲ್ಲಿ. ಪ್ಲಗ್, ಯುಪಿಎಸ್, ಕೇಬಲ್, ಹಿಂದುಗಡೆಯ ಸ್ವಿಚ್ ನೋಡಿ. ಆದರೆ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಫ್ಯಾನ್ ತಿರುಗುತ್ತದೆ, ಬೀಪ್ ಬೀಪ್ ಅನ್ನುತ್ತದೆ, ಸ್ಕ್ರೀನ್ ಕಪ್ಪು. ಹೀಗಾದರೆ ಮೊದಲು ರ‍್ಯಾಮ್ ಮೇಲೆ ಸಂಶಯ ಪಡಿ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಅದರ ಲೋಹದ ಅಂಚು ಮಂಕಾಗುತ್ತದೆ. ಪ್ಲಗ್ ತೆಗೆದು, ರ‍್ಯಾಮ್ ಹೊರತೆಗೆದು, ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ವಾಪಸ್ ಕೂರಿಸಿದರೆ ಎಷ್ಟೋ ಸಲ ಸರಿಯಾಗುತ್ತದೆ.

ಬೂಟ್ ಡಿವೈಸ್ ಸಿಗಲಿಲ್ಲ ಅಂತ ಬಂದರೆ ಮರೆತು ಬಿಟ್ಟ ಪೆನ್‌ಡ್ರೈವ್ ಇದೆಯಾ ನೋಡಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಡೇಟಾ ತೆಗೆಯುವವರ ಹತ್ತಿರ ಒಯ್ಯಿರಿ.

ವಿಂಡೋಸ್ ಲೋಗೋ ತನಕ ಬಂದು ಬಿದ್ದರೆ ಯಂತ್ರ ಬಹುಪಾಲು ಚೆನ್ನಾಗಿದೆ ಅಂತ ಅರ್ಥ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಗೆ ಸರಿ ಇದ್ದದ್ದು ಯಾವಾಗ, ಆಮೇಲೆ ಏನು ಬದಲಾಯಿತು?

ಅಪ್ಪ ಹೇಳಿದ್ದು, ನಾನು ಕೇಳದ್ದು

ಶನಿವಾರ ಊರಿಗೆ ಹೋಗಿ ಆನ್ ಮಾಡಿದೆ. ಲೋಗೋಗಿಂತಲೂ ಮೊದಲು ಕಪ್ಪು ಸ್ಕ್ರೀನಿನಲ್ಲಿ ಸಿಮಾಸ್ ಎರರ್, ಎಫ್1 ಒತ್ತಿ ಅಂತ ಒಂದು ಸಾಲು ಬಂತು. ಅಪ್ಪ ಅದನ್ನು ಓದುವ ಗೋಜಿಗೂ ಹೋಗದೆ ಎಫ್1 ಒತ್ತಿಬಿಟ್ಟರು. "ಅದು ಈಗೀಗ ಬರ್ತದೆ. ಒತ್ತಿದ್ರೆ ಹೋಗ್ತದೆ." ಆಮೇಲೆ ನೀಲಿ ಸ್ಕ್ರೀನ್.

ಆಗ ನೆನಪಾಯಿತು. ಗಡಿಯಾರ ಹಿಂದೆ ಬೀಳ್ತದೆ ಅಂತ ಅಪ್ಪ ಎರಡು ಮೂರು ತಿಂಗಳಿಂದ ಫೋನಿನಲ್ಲಿ ಹೇಳುತ್ತಲೇ ಇದ್ದರು. "ಸರಿ ಮಾಡಿಕೊಳ್ಳಿ ಅಪ್ಪ" ಅಂತ ಹೇಳಿ ಫೋನ್ ಇಟ್ಟವನು ನಾನು.

ಮದರ್‌ಬೋರ್ಡಿನಲ್ಲಿ ನಾಣ್ಯದಷ್ಟು ದೊಡ್ಡ ಒಂದು ಸೆಲ್ ಇರುತ್ತದೆ, ಹೆಚ್ಚಾಗಿ ಸಿಆರ್2032, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಇಂಥ ಹಳೆಯ ಬೋರ್ಡುಗಳಲ್ಲಿ ಬಯಾಸ್ ಸೆಟ್ಟಿಂಗನ್ನು ನೆನಪಿಟ್ಟುಕೊಳ್ಳುವುದೂ ಅದೇ. ಕೆಲವು ವರ್ಷಕ್ಕೆ ಅದು ಮುಗಿಯುತ್ತದೆ. ಮುಗಿದದ್ದು ತಕ್ಷಣ ಗೊತ್ತಾಗುವುದಿಲ್ಲ, ಯಾಕೆಂದರೆ ಪ್ಲಗ್ ಹಾಕಿರುವ ತನಕ ಬೋರ್ಡಿಗೆ ಸ್ವಲ್ಪ ಕರೆಂಟ್ ಸಿಗುತ್ತಲೇ ಇರುತ್ತದೆ. ಆದರೆ ನಮ್ಮಲ್ಲಿ ಗುಡುಗು ಶುರುವಾದರೆ ಮೊದಲ ಕೆಲಸ ಎಂತ? ಪ್ಲಗ್ ಕೀಳುವುದು! ಅಪ್ಪ ಪ್ಲಗ್ ಕಿತ್ತಾಗ ಕಂಪ್ಯೂಟರ್ ಎಲ್ಲವನ್ನೂ ಮರೆಯಿತು. ತಪ್ಪು ಸಿಡಿಲಿನದ್ದಲ್ಲ, ಅಪ್ಪನದ್ದೂ ಅಲ್ಲ. ಪ್ಲಗ್ ಕೀಳುವುದು ಸರಿಯಾದ ಅಭ್ಯಾಸವೇ. ರೂಟರಿನಿಂದ ಬರುವ ಕೇಬಲ್ಲನ್ನೂ ಕೀಳಬೇಕು.

ಬಯಾಸಿಗೆ ಹೋಗಿ ನೋಡಿದರೆ ಗಡಿಯಾರ ಯಾವುದೋ ಹಳೆಯ ವರ್ಷದ ಜನವರಿ 1ಕ್ಕೆ ಹೋಗಿ ಕೂತಿತ್ತು. ಅದಕ್ಕಿಂತ ಮುಖ್ಯವಾಗಿ, ಹಾರ್ಡ್‌ಡಿಸ್ಕ್ ಜೊತೆ ಮಾತಾಡುವ ವಿಧಾನ, ಅಂದರೆ ಸಾಟಾ ಮೋಡ್, ಎಎಚ್‌ಸಿಐ ಇದ್ದದ್ದು ಐಡಿಇ ಆಗಿತ್ತು. ನಮ್ಮ ವಿಂಡೋಸ್ ಇನ್‌ಸ್ಟಾಲ್ ಆದದ್ದು ಎಎಚ್‌ಸಿಐನಲ್ಲಿ. ಹಾಗಾಗಿ ತನ್ನದೇ ಡಿಸ್ಕ್ ಅದಕ್ಕೆ ಕಾಣಲಿಲ್ಲ, ನೀಲಿ ಸ್ಕ್ರೀನ್ ಹಾಕಿತು. ಹೊಸ ಸೆಲ್ ಹಾಕಿ, ಮೋಡ್ ಮೊದಲಿನಂತೆ ಮಾಡಿ ಸೇವ್ ಮಾಡಿದೆ. ವಿಂಡೋಸ್ ಏನೂ ಆಗದವರ ಹಾಗೆ ಎದ್ದು ಬಂತು. ಅಜ್ಜಿಯ ಫೋಲ್ಡರ್ ಇದ್ದಲ್ಲೇ ಇತ್ತು.

ಫಾರ್ಮ್ಯಾಟ್ ಮಾಡಿಸಿದ್ದರೂ ಕಂಪ್ಯೂಟರ್ ಸರಿಯಾಗುತ್ತಿತ್ತು. ಭಯ ಆಗುವುದು ಅದಕ್ಕೇ. ಮುಂದಿನ ಗುಡುಗಿನ ತನಕ ಎಲ್ಲರೂ ಖುಷಿಯಾಗಿರುತ್ತಿದ್ದೆವು, ಅಜ್ಜಿಯ ದನಿ ಮಾತ್ರ ಹೋಗಿರುತ್ತಿತ್ತು.

ದೊಡ್ಡ ಕಂಪನಿಗಳಲ್ಲೂ ಹೀಗೆ ಆಗಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಸ್ಕ್ರೀನಿಗೆ ಬಿದ್ದವು. ನಮ್ಮ ದೇಶದಲ್ಲೂ ವಿಮಾನದ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಪರಿಹಾರ ಫಾರ್ಮ್ಯಾಟ್ ಆಗಿರಲಿಲ್ಲ. ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸುವುದಾಗಿತ್ತು.

ಮನೆಯಲ್ಲಿ ಹೀಗಾದರೆ

ಬಂದ ಎರರ್ ಮೆಸೇಜಿನ ಫೋಟೋ ಮೊದಲು ತೆಗೆಯಿರಿ. ಬಯಾಸಿನಲ್ಲಿ ಏನಾದರೂ ಬದಲಿಸುವ ಮುಂಚೆಯೂ ಫೋಟೋ ಇರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ವಿಂಡೋಸ್ 10 ಅಥವಾ 11 ಎರಡು ಮೂರು ಸಲ ಅರ್ಧದಲ್ಲಿ ನಿಂತರೆ ರಿಪೇರಿ ಸ್ಕ್ರೀನ್ ತಾನಾಗಿ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಸೇಫ್ ಮೋಡ್. ದಾರಿಯಲ್ಲಿ ಸಿಗುವ ರೀಸೆಟ್ ಬಟನ್ ಗಡಿಬಿಡಿಯಲ್ಲಿ ಒತ್ತಬೇಡಿ.

ಹೊಸ ಲ್ಯಾಪ್‌ಟಾಪ್ ಆದರೆ ಬಿಟ್‌ಲಾಕರ್ 48 ಅಂಕೆಯ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಈಗಲೇ ಹುಡುಕಿ ಬರೆದಿಡಿ.

ಏನೂ ಆಗಲಿಲ್ಲವಾ? ಉಬುಂಟು ಹಾಕಿದ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಟ್ರೈ ಅಂತ ಕೊಟ್ಟು, ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಫಾರ್ಮ್ಯಾಟ್ ಮಾತು ಅದಾದ ಮೇಲೆ.

ಆ ಭಾನುವಾರ ಅಜ್ಜಿಯ ಹಾಡು ಮೂರು ಕಡೆ ಕಾಪಿ ಆಯಿತು: ನನ್ನ ಲ್ಯಾಪ್‌ಟಾಪ್, ಒಂದು ಹಾರ್ಡ್‌ಡಿಸ್ಕ್, ಕ್ಲೌಡ್. ಕಾಪಿ ಆಗುತ್ತಿದ್ದಾಗ ಅಪ್ಪ ಒಂದು ಫೈಲ್ ಪ್ಲೇ ಮಾಡಿ ಕೇಳಿದರು. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಹಾಡು ಮುಗಿಯುವ ತನಕ ಯಾರೂ ಮಾತಾಡಲಿಲ್ಲ.

ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ "ಕಂಪ್ಯೂಟರಿನ ಗಡಿಯಾರ ಸರಿ ಉಂಟಾ?" ಅಂತ ಒಂದು ಮಾತು ಕೇಳಿ. ಅವರು ಹೇಳುವ ಉತ್ತರವನ್ನೂ ಪೂರ್ತಿ ಕೇಳಿ.