ರಕ್ತ ಹಾಕೋ ಮುಂಚೆ ಹೆಸರು ಕೇಳಿದ್ರಾ?

ರಕ್ತದಾನದ ಬಗ್ಗೆ ನಾವು ಟಿ.ವಿ.ಯವರು ಬೇಕಾದಷ್ಟು ಮಾತಾಡುತ್ತೇವೆ. ಶಿಬಿರ ತೋರಿಸುತ್ತೇವೆ, ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ಸಾಲಾಗಿ ಮಲಗಿ ರಕ್ತ ಕೊಡುವ ಅಭಿಮಾನಿಗಳನ್ನು ತೋರಿಸುತ್ತೇವೆ. ಆದರೆ ಆ ರಕ್ತ ಇನ್ನೊಬ್ಬರ ಮೈಗೆ ಹೋಗುತ್ತಲ್ಲ, ಅಲ್ಲಿಗೆ ನಮ್ಮ ಕ್ಯಾಮೆರಾ ಹೋಗುವುದಿಲ್ಲ. ಅಲ್ಲಿ ಇರೋದು ಒಬ್ಬ ನರ್ಸ್. ಎಷ್ಟೋ ಸಲ ಪಕ್ಕದಲ್ಲಿ ಇನ್ನೂ ಕಲಿಯುತ್ತಿರುವ, ಇಪ್ಪತ್ತು ವರ್ಷದ ಒಬ್ಬ ವಿದ್ಯಾರ್ಥಿನಿ. ಇವತ್ತಿನ ಮಾತು ಆ ಹುಡುಗಿಗೆ. ಹಾಸಿಗೆ ಪಕ್ಕ ನಿಂತಿರುವ ನಿಮಗೂ ಹೌದು.

ರಕ್ತ ಹಾಕಿಸಿಕೊಂಡರೆ ರೋಗ ಬರುತ್ತೆ ಅನ್ನೋದು ಜನರ ಭಯ. ತಪ್ಪಲ್ಲ. ಅದಕ್ಕೇ ನಮ್ಮಲ್ಲಿ ಪ್ರತಿ ಬ್ಯಾಗಿಗೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. 1996ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡುವುದೂ ನಿಷೇಧ. ಆದರೆ ಈ ಎಲ್ಲ ಪರೀಕ್ಷೆ ಪಾಸಾದ ರಕ್ತವೂ ತಪ್ಪು ಮನುಷ್ಯನಿಗೆ ಹೋದರೆ ವಿಷವೇ.

ಯಾಕೆ? ರಕ್ತದಲ್ಲಿ ಗುಂಪುಗಳಿವೆ ಅಂತ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿಕೊಟ್ಟರು, 1930ರಲ್ಲಿ ಅವರಿಗೆ ನೊಬೆಲ್ ಬಂತು. ಒ ಗುಂಪಿನವರ ಮೈಯಲ್ಲಿ ಎ ಮತ್ತು ಬಿ ಗುಂಪಿನ ರಕ್ತಕಣಗಳ ವಿರುದ್ಧದ ಪ್ರತಿಕಾಯಗಳು ಮೊದಲೇ ಸಿದ್ಧವಾಗಿ ಕೂತಿರುತ್ತವೆ. ಎ ರಕ್ತ ಒಳಗೆ ಬಂತೋ, ಕಣಗಳನ್ನು ಒಡೆದುಹಾಕುತ್ತವೆ. ರಕ್ತದೊತ್ತಡ ಕುಸಿಯುತ್ತೆ, ಕಿಡ್ನಿ ಕೈಕೊಡುತ್ತೆ. ಇದಕ್ಕೆ ಬ್ಯಾಗ್ ಪೂರ್ತಿ ಹೋಗಬೇಕಿಲ್ಲ, ಶುರುವಿನ ಕೆಲವು ಎಂ.ಎಲ್. ಸಾಕು.

ಈ ತಪ್ಪು ಹೆಚ್ಚಾಗಿ ಹುಟ್ಟೋದು ಲ್ಯಾಬಿನಲ್ಲಿ ಅಲ್ಲ ಸ್ವಾಮಿ, ವಾರ್ಡಿನಲ್ಲಿ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರೋದು ನಮ್ಮ ಕಡೆ ಏನು ಅಪರೂಪವೇ? ಜ್ವರದಲ್ಲಿ, ನೋವಿನಲ್ಲಿ ಮಲಗಿದವರನ್ನು "ನೀವು ಲಕ್ಷ್ಮಮ್ಮ ತಾನೇ?" ಅಂತ ಕೇಳಿ ನೋಡಿ. ಯಾರಾದರೂ "ಹೂಂ" ಅಂದುಬಿಡುತ್ತಾರೆ. ಕೇಳಬೇಕಾದದ್ದು "ನಿಮ್ಮ ಹೆಸರೇನಮ್ಮಾ?" ಅಂತ. ಅವರ ಬಾಯಿಂದಲೇ ಹೆಸರು ಬರಬೇಕು. ಆಮೇಲೆ ಕೈಗೆ ಕಟ್ಟಿದ ಪಟ್ಟಿಯ ಆಸ್ಪತ್ರೆ ನಂಬರು, ಕೇಸ್ ಶೀಟು, ಬ್ಯಾಗಿನ ಚೀಟಿ, ರಕ್ತದ ಗುಂಪು, ಕೊನೆಯ ದಿನಾಂಕ, ಎಲ್ಲವನ್ನೂ ಇಬ್ಬರು ಹಾಸಿಗೆ ಪಕ್ಕದಲ್ಲೇ ನಿಂತು ತಾಳೆ ನೋಡಬೇಕು. ಡ್ಯೂಟಿ ಟೇಬಲ್ಲಿನಲ್ಲಿ ಕೂತು ಅಲ್ಲ.

ಇದಕ್ಕಿಂತ ಹಿಂದೆಯೇ ಒಂದು ಗುಂಡಿ ಇದೆ. ಪರೀಕ್ಷೆಗೆ ರಕ್ತ ತೆಗೆದು, ನಾಲ್ಕು ಟ್ಯೂಬ್ ಜೇಬಿಗೆ ಹಾಕಿಕೊಂಡು, ಹೆಸರು ಆಮೇಲೆ ಬರೆದರಾಯಿತು ಅಂದುಕೊಳ್ಳೋದು. ಟ್ಯೂಬ್ ಅದಲುಬದಲಾದರೆ ಲ್ಯಾಬಿನವರು ಕ್ರಾಸ್ ಮ್ಯಾಚ್ ಸರಿಯಾಗಿಯೇ ಮಾಡುತ್ತಾರೆ, ಆದರೆ ಬೇರೆ ಯಾರಿಗೋ! ಹಾಗಾಗಿ ಹೆಸರು ಬರೆಯದೆ ಆ ಹಾಸಿಗೆ ಬಿಟ್ಟು ಕದಲಬೇಡಿ.

ಇನ್ನು ನಮ್ಮ ಮನೆಯವರ ಕಥೆ. ಬ್ಲಡ್ ಬ್ಯಾಂಕಿನಿಂದ ಬ್ಯಾಗ್ ತಂದು, ತಣ್ಣಗಿದೆ ಅಂತ ಬಿಸಿನೀರಲ್ಲಿ ಇಡುವವರಿದ್ದಾರೆ. ದಯವಿಟ್ಟು ಬೇಡ, ರಕ್ತಕಣ ಒಡೆದುಹೋಗುತ್ತೆ. ಕೆಂಪು ರಕ್ತಕಣ ಇರಬೇಕಾದದ್ದು 2ರಿಂದ 6 ಡಿಗ್ರಿಯಲ್ಲಿ. ಹೊರಗೆ ತೆಗೆದ 30 ನಿಮಿಷದೊಳಗೆ ಹಾಕಲು ಶುರು ಮಾಡಬೇಕು, 4 ಗಂಟೆಯೊಳಗೆ ಮುಗಿಸಬೇಕು. ಅದೇ ಲೈನಿನಲ್ಲಿ ನಾರ್ಮಲ್ ಸಲೈನ್ ಬಿಟ್ಟು ಬೇರೇನೂ ಹೋಗಬಾರದು. ಗ್ಲೂಕೋಸೂ ಇಲ್ಲ, ಔಷಧಿಯೂ ಇಲ್ಲ.

ರಕ್ತ ಶುರುವಾದ ಮೊದಲ 15 ನಿಮಿಷ ನಿಧಾನವಾಗಿ ಬಿಡಬೇಕು, ರೋಗಿಯ ಪಕ್ಕದಲ್ಲೇ ಇರಬೇಕು. ಜ್ವರ, ನಾಡಿ, ಉಸಿರು, ಬಿಪಿ ಮೊದಲೇ ಬರೆದಿಟ್ಟುಕೊಂಡು, 15 ನಿಮಿಷಕ್ಕೆ ಮತ್ತೆ ನೋಡಬೇಕು. ಚಳಿ, ನಡುಕ, ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದ ಜ್ವರ, ಸೊಂಟದಲ್ಲಿ ಅಥವಾ ಸೂಜಿ ಚುಚ್ಚಿದಲ್ಲಿ ನೋವು, ಮೈಮೇಲೆ ದದ್ದು, ತುರಿಕೆ, ಉಸಿರಾಟಕ್ಕೆ ಕಷ್ಟ, ಕೆಂಪಗಾದ ಮೂತ್ರ. ಯಾವುದು ಕಂಡರೂ ಎಚ್ಚರ. ವಯಸ್ಸಾದವರಲ್ಲಿ, ಹೃದ್ರೋಗಿಗಳಲ್ಲಿ ಬೇಗ ಹಾಕಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬರಬಹುದು. ಇನ್ನು ಕೆಲವರು "ಯಾಕೋ ಒಂಥರಾ ಆಗ್ತಿದೆ ಸಿಸ್ಟರ್" ಅಂತಾರೆ, ಅಷ್ಟೇ. ಅದನ್ನೂ ಲಕ್ಷಣ ಅಂತಲೇ ತಗೊಳ್ಳಿ.

ಆಗ ಮೊದಲು ಮಾಡಬೇಕಾದದ್ದು, ರಕ್ತ ನಿಲ್ಲಿಸೋದು. ಡಾಕ್ಟರನ್ನು ಹುಡುಕಿ ಬಂದ ಮೇಲಲ್ಲ, ಆ ಕ್ಷಣವೇ. ಕ್ಯಾನುಲಾ ಕೀಳಬೇಡಿ, ಔಷಧಿ ಕೊಡಲು ಬೇಕಾಗುತ್ತೆ. ಹೊಸ ಸೆಟ್ ಹಾಕಿ ಸಲೈನ್ ಬಿಡಿ, ಡಾಕ್ಟರನ್ನು ಕರೆಯಿರಿ, ಹೆಸರು ನಂಬರು ಮತ್ತೊಮ್ಮೆ ತಾಳೆ ನೋಡಿ. ಬ್ಯಾಗನ್ನು ಕಸದ ಬುಟ್ಟಿಗೆ ಎಸೆಯಬೇಡಿ, ಸೆಟ್ ಸಮೇತ ಬ್ಲಡ್ ಬ್ಯಾಂಕಿಗೆ ವಾಪಸ್ ಹೋಗಬೇಕು. ಜೊತೆಗೆ ರೋಗಿಯ ಹೊಸ ರಕ್ತ, ಮೂತ್ರದ ಸ್ಯಾಂಪಲ್ಲೂ ಹೋಗಬೇಕು.

ಸೀನಿಯರ್ ಬೈದರೆ? ಬೈಯಲಿ. ನಿಲ್ಲಿಸಿದ ರಕ್ತದಿಂದ ಒಂದು ಬ್ಯಾಗ್ ದಂಡವಾಗಬಹುದು. ನಿಲ್ಲಿಸದಿದ್ದರೆ ಹೋಗೋದು ಜೀವ. ಹೀಗೆ ಆದದ್ದನ್ನು ವರದಿ ಮಾಡಲು 2012ರ ಡಿಸೆಂಬರ್ 10ರಿಂದ ದೇಶದಲ್ಲಿ ಹೀಮೋವಿಜಿಲೆನ್ಸ್ ಕಾರ್ಯಕ್ರಮವೇ ಇದೆ. ಇದು ಯಾರನ್ನೋ ಹಿಡಿದು ಶಿಕ್ಷಿಸಲು ಅಲ್ಲ, ಎಲ್ಲಿ ಎಡವುತ್ತಿದ್ದೇವೆ ಅಂತ ತಿಳಿಯಲು.

ಮನೆಯವರಿಗೆ ಒಂದು ಮಾತು. ನರ್ಸ್ ಮೂರನೇ ಸಲ ಹೆಸರು ಕೇಳಿದರೆ "ಎಷ್ಟು ಸಲ ಹೇಳೋದು" ಅಂತ ರೇಗಬೇಡಿ. ಕೇಳದೇ ಬ್ಯಾಗ್ ನೇತುಹಾಕಿದರೆ ನೀವೇ ಕೇಳಿ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೂ, ವಾರ ಹತ್ತು ದಿನದಲ್ಲಿ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ, ಮತ್ತೆ ಸುಸ್ತು ಶುರುವಾದರೆ ಕಾಮಾಲೆ ಅಂತ ನಾಟಿ ಔಷಧಿಗೆ ಓಡಬೇಡಿ. ರಕ್ತ ಹಾಕಿದ ಆಸ್ಪತ್ರೆಗೇ ವಾಪಸ್ ಹೋಗಿ, ರಕ್ತ ಹಾಕಿಸಿಕೊಂಡ ತಾರೀಖನ್ನು ಡಾಕ್ಟರಿಗೆ ಹೇಳಿ.